ಯಾರದ್ದೂ ಅಲ್ಲದ ನಾಲ್ಕು ಮೀಟರ್

ನಮ್ಮೂರ ನಗರಸಭೆ ಕಚೇರಿ ಎದುರಿಗೇ ನನ್ನ ಅಂಗಡಿ. ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಅಂತ ಬೋರ್ಡ್ ಹಾಕಿದ್ದೇನೆ. ನಡೆಯುವ ಕೆಲಸವೇ ಬೇರೆ. ಕಚೇರಿಯೊಳಗೆ ಹೋಗಿ ಅಲೆದು ಸುಸ್ತಾಗಿ ಬಂದವರು ಮೊದಲು ಕೂರುವುದು ನನ್ನ ಪ್ಲಾಸ್ಟಿಕ್ ಸ್ಟೂಲ್ ಮೇಲೆ. ಒಂದು ಲೋಟ ನೀರು ಕುಡಿಯುತ್ತಾರೆ. ಒಳಗಿರುವವರನ್ನು ಐದು ನಿಮಿಷ ಬೈಯುತ್ತಾರೆ. ಆಮೇಲೆ "ಒಂದ್ ಅರ್ಜಿ ಟೈಪ್ ಮಾಡ್ಕೊಡಪ್ಪ" ಅನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಇದೇ ಕಥೆ. ಪುಟಕ್ಕೆ 40 ರೂಪಾಯಿ.

ನನ್ನ ಕಂಪ್ಯೂಟರಿನಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿಟ್ಟ ಒಂದು ಫೈಲ್ ಇತ್ತು. ಹೆಸರು "ಅರ್ಜಿ ಹೊಸದು ಫೈನಲ್ 2". ಫೈನಲ್ 1 ಎಲ್ಲಿ ಹೋಯಿತೋ ಗೊತ್ತಿಲ್ಲ. "ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರುವಾಗುತ್ತದೆ. "ದಯಮಾಡಿ ಕೃಪೆ ತೋರಬೇಕಾಗಿ ಕೈಮುಗಿದು ಪ್ರಾರ್ಥಿಸುತ್ತೇನೆ" ಅಂತ ಮುಗಿಯುತ್ತದೆ. ನಡುವೆ ಎರಡು ಮೂರು ಸಾಲು ಖಾಲಿ ಜಾಗ. ಬೀದಿ ದೀಪವಾದರೆ ಬೀದಿ ದೀಪ, ನಲ್ಲಿಯಾದರೆ ನಲ್ಲಿ, ನಾಯಿಯಾದರೆ ನಾಯಿ. ತುಂಬಿಸಿ ಪ್ರಿಂಟ್ ಕೊಟ್ಟರೆ ಆಯಿತು.

ಏಪ್ರಿಲ್ ತಿಂಗಳಲ್ಲಿ ಇದೇ ಜನ ಆಸ್ತಿ ತೆರಿಗೆ ಚಲನ್ ಹಿಡಿದು ಬರುತ್ತಾರೆ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಅಲ್ವಾ, ಅದಕ್ಕೆ ರಶ್ಶು. ಚಲನ್‌ನಲ್ಲಿ ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕರಗಳಿರುತ್ತವೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಭಿಕ್ಷುಕರ ಹೆಸರಲ್ಲಿ ಒಂದು ಕರ ಇದೆ ಅಂತ ಓದಿ ಹೇಳಿದರೆ ಎಷ್ಟೋ ಜನ ನಗುತ್ತಾರೆ. ಏಪ್ರಿಲ್‌ನಲ್ಲಿ ಭಿಕ್ಷುಕರ ಕರ ಕಟ್ಟಿದವರೇ ಜೂನ್‌ನಲ್ಲಿ ಬಂದು ಒಂದು ಬಲ್ಬಿಗೆ ಕೈಮುಗಿದು ಪ್ರಾರ್ಥಿಸುತ್ತಾರೆ. ಅದನ್ನು ಟೈಪ್ ಮಾಡುವವನು ನಾನು. ನನಗೂ ಅದು ವಿಚಿತ್ರ ಅಂತ ಎಂದೂ ಅನ್ನಿಸಿರಲಿಲ್ಲ.

ಇನ್ನೊಂದು ನಾಚಿಕೆಯ ವಿಷಯ. ಊರಿಗೆಲ್ಲ ಅರ್ಜಿ ಟೈಪ್ ಮಾಡಿದವನು ನನ್ನದು ಅಂತ ಒಂದೂ ಕೊಟ್ಟಿರಲಿಲ್ಲ. 2024ರ ಮಳೆಗಾಲದ ತನಕ.

ನಮ್ಮ ಓಣಿಯಲ್ಲಿ ಹನ್ನೆರಡು ಮನೆ. ಓಣಿ ಇಳಿಜಾರಾಗಿ ಹೋಗಿ ದೊಡ್ಡ ರಸ್ತೆಗೆ ಸೇರುತ್ತದೆ. ಅದರ ಹಿಂದಿನ ವರ್ಷ ನಗರಸಭೆಯಿಂದ ಹೊಸ ಸಿಮೆಂಟ್ ಚರಂಡಿ ಮಾಡಿದ್ದರು. ಕೆಲಸ ಕೆಟ್ಟದಾಗಿರಲಿಲ್ಲ, ಸುಮ್ನೆ ಯಾಕೆ ಹೇಳಲಿ. ಆದರೆ ಮಳೆ ಬಂದರೆ ನೀರು ಮುಂದಕ್ಕೆ ಹೋಗುತ್ತಿರಲಿಲ್ಲ. ಮೂಲೆ ಮನೆ ಅಕ್ಕನ ಬಾಗಿಲಿಗೆ ವಾಪಸ್ ಬರುತ್ತಿತ್ತು. ಅವರ ಮನೆ ಓಣಿಯ ಕೊನೆಯದು, ಎಲ್ಲರ ಮನೆಯ ನೀರೂ ಅವರ ಹೊಸ್ತಿಲಿಗೇ. ಇಡೀ ಜುಲೈ ಅವರು ಬಾಗಿಲಿಗೆ ಮರಳಿನ ಚೀಲ ಅಡ್ಡ ಇಟ್ಟುಕೊಂಡು ಬದುಕಿದರು.

ಒಂದು ಭಾನುವಾರ ಅಕ್ಕ ನನ್ನನ್ನು ಕರೆದರು. ಕೈಯಲ್ಲಿ ಒಂದು ಬಕೆಟ್ ನೀರು, ಸೊಂಟಕ್ಕೆ ಸಿಕ್ಕಿಸಿದ ಸೆರಗಿನಲ್ಲಿ ಒಂದು ಹಿಡಿ ಈರುಳ್ಳಿ ಸಿಪ್ಪೆ. "ನೋಡಪ್ಪ ಇಲ್ಲಿ" ಅಂತ ಹೇಳಿ ಸಿಪ್ಪೆಯನ್ನು ಚರಂಡಿಗೆ ಹಾಕಿದರು, ಹಿಂದಿನಿಂದ ನೀರು ಸುರಿದರು. ಸಿಪ್ಪೆ ತೇಲುತ್ತಾ ಹೋಯಿತು. ಸಿಮೆಂಟ್ ಮುಗಿಯುವ ಕಡೆ ನಿಂತಿತು. ಒಂದು ಸುತ್ತು ತಿರುಗಿತು. ಆಮೇಲೆ ನಿಧಾನಕ್ಕೆ, ಮರೆತ ಸಾಮಾನು ತರಲು ಮನೆಗೆ ಹೊರಟವರ ಹಾಗೆ, ನಮ್ಮ ಕಡೆಗೇ ಬಂತು.

"ಇದನ್ನ ಬರಿ" ಅಂದರು.

ಬರೆದೆ. ಫೈನಲ್ 2 ತೆಗೆದು, ಎರಡು ಸಾಲು ತುಂಬಿಸಿ, ಹನ್ನೆರಡು ಮನೆಯವರ ಸಹಿ ಹಾಕಿಸಿ, ರಸ್ತೆ ದಾಟಿ ಹೋಗಿ ಒಳಗೆ ಕೊಟ್ಟು ಬಂದೆ. ಕೊಟ್ಟಿದ್ದು ಪರಿಚಯದ ಗುಮಾಸ್ತರ ಕೈಗೆ. ದಿನಾ ನನ್ನಲ್ಲಿ ಜೆರಾಕ್ಸ್ ಮಾಡಿಸುವವರು. "ನಿಮ್ದಾ? ಬಿಡಿ, ನಾನ್ ನೋಡ್ಕೋತೀನಿ" ಅಂದರು. ಒಂದೂವರೆ ತಿಂಗಳಾದ ಮೇಲೆ ಕೇಳಿದರೆ, ಯಾವ ಅರ್ಜಿ ಅಂತ ಅವರಿಗೆ ನೆನಪೇ ಇರಲಿಲ್ಲ. ಬೇಕಂತ ಮಾಡಿದ್ದಲ್ಲ. ಆ ಮೇಜನ್ನು ನೋಡಿದವರಿಗೆ ಅರ್ಥವಾಗುತ್ತದೆ. ಕಡತದ ಮೇಲೆ ಕಡತ, ಅದರ ಮೇಲೆ ಟಿಫನ್ ಡಬ್ಬಿ.

ಬೇರೆಯವರಿಗೆ ದಿನಾ ಹೇಳುವ ಬುದ್ಧಿ ನಾನೇ ಮರೆತಿದ್ದೆ. ಅರ್ಜಿಗೆ ಎರಡು ಪ್ರತಿ ಬೇಕು. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿ, ಇನ್‌ವರ್ಡ್ ನಂಬರ್ ಮತ್ತು ತಾರೀಕು ಬರೆಸಿಕೊಳ್ಳಬೇಕು. ಆ ನೇರಳೆ ಬಣ್ಣದ ಸೀಲು ಬೀಳುವ ತನಕ ಅದು ಅರ್ಜಿಯೇ ಅಲ್ಲ, ಬರೀ ಕಾಗದ. ಸೀಲು ಬಿದ್ದ ಮೇಲೆ ಅದು ಒಂದು ರಿಜಿಸ್ಟರಿನಲ್ಲಿ ಒಂದು ಸಾಲಾಗುತ್ತದೆ. ಮುಂದೆ ನೀವು ಹೋಗಿ "ನನ್ನ ಚರಂಡಿ ಏನಾಯ್ತು" ಅಂತ ಕೇಳುವುದಿಲ್ಲ, "ಈ ನಂಬರ್ ಏನಾಯ್ತು" ಅಂತ ಕೇಳುತ್ತೀರಿ. ಚರಂಡಿ ಬಗ್ಗೆ ಕೇಳಿದರೆ ಗುಮಾಸ್ತರು ನಿಮ್ಮ ಮುಖ ನೋಡುತ್ತಾರೆ. ನಂಬರ್ ಕೇಳಿದರೆ ರಿಜಿಸ್ಟರ್ ತೆಗೆಯುತ್ತಾರೆ. ಪರಿಚಯ ಇದೆ ಅಂತ ಸೀಲು ಬಿಟ್ಟಿದ್ದೇ ನನ್ನ ತಪ್ಪು.

ಎರಡನೇ ಸಲ ನಗರಸಭೆಯ ಮುಖ್ಯ ಅಧಿಕಾರಿ ಪೌರಾಯುಕ್ತರಿಗೆ ಅಂತಲೇ ಬರೆದೆ, ಸೀಲು ಹಾಕಿಸಿದೆ. ಮೂರು ವಾರಕ್ಕೆ ಉತ್ತರ ಬಂತು. ಎರಡೇ ಸಾಲು. ಚರಂಡಿ ಕಾಮಗಾರಿ ಪೂರ್ಣಗೊಂಡಿದೆ, ಮುಂದಿನ ಭಾಗ ನಗರಸಭೆಯ ವ್ಯಾಪ್ತಿಗೆ ಬರುವುದಿಲ್ಲ.

ಈ "ವ್ಯಾಪ್ತಿಗೆ ಬರುವುದಿಲ್ಲ" ಅನ್ನುವುದನ್ನು ಸುಮ್ನೆ ನೆಪ ಅಂತ ತಳ್ಳಿಹಾಕಬೇಡಿ. ಎಷ್ಟೋ ಸಲ ಅದು ನಿಜ. ಬೀದಿ ದೀಪವನ್ನೇ ತೆಗೆದುಕೊಳ್ಳಿ. ಕಂಬ ವಿದ್ಯುತ್ ಕಂಪನಿಯದು, ಅದಕ್ಕೆ ಕಟ್ಟಿದ ದೀಪ ನಗರಸಭೆಯದು. ಕಂಬ ವಾಲಿದರೆ ಒಂದು ಕಡೆ ಹೋಗಬೇಕು, ಬಲ್ಬು ಹೋದರೆ ಇನ್ನೊಂದು ಕಡೆ. ಊರೊಳಗಿನ ರಸ್ತೆಗಳೆಲ್ಲ ನಗರಸಭೆಯದು ಅಂದುಕೊಂಡಿರುತ್ತೇವೆ, ಅದೂ ಅಲ್ಲ. ಊರು ಸೀಳಿಕೊಂಡು ಹೋಗುವ ದೊಡ್ಡ ರಸ್ತೆ ರಾಜ್ಯದ್ದೋ ಕೇಂದ್ರದ್ದೋ ಆಗಿರುತ್ತದೆ. ನಮ್ಮ ಜನ ಅರ್ಧ ಸೋಲುವುದೇ ಇಲ್ಲಿ. ಸರಿಯಾದ ದೂರನ್ನು ತಪ್ಪು ಬಾಗಿಲಿಗೆ ತೆಗೆದುಕೊಂಡು ಹೋಗಿ, ಆ ಬಾಗಿಲು ತೆಗೆಯಲಿಲ್ಲ ಅಂತ ಬೈದು ಬರುತ್ತಾರೆ.

ಹಾಗಾದರೆ ನಗರಸಭೆಯ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ? ಬಾಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಮಾಹಿತಿ ಹಕ್ಕಿನಲ್ಲಿ ಕೇಳಿದೆ. ನಮೂನೆ ಎ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಈ ನಿಯಮದ ಬಗ್ಗೆ ತಕರಾರು ಇರುವವರು ಬಹಳ ಜನ. ಇದನ್ನು ಹೇಳಿದರೆ ಅವರು ನನ್ನನ್ನು ಬೈಯಬಹುದು, ಆದರೂ ಹೇಳುತ್ತೇನೆ, ಟೈಪ್ ಮಾಡುವವನಿಗೆ ಅದು ಒಳ್ಳೆಯ ಕಡಿವಾಣ. 150 ಪದ ಅಂದ ತಕ್ಷಣ ಕೃಪೆ, ಪ್ರಾರ್ಥನೆ, ಕೈಮುಗಿಯುವುದು ಎಲ್ಲ ತಾನಾಗೇ ಉದುರಿಹೋಗುತ್ತದೆ. ಕೇಳಬೇಕಾದ್ದು ಮಾತ್ರ ಉಳಿಯುತ್ತದೆ. ನಾನು ಕೇಳಿದ್ದು ಮೂರೇ ಕಾಗದ. ಆ ಚರಂಡಿಯ ಅಂದಾಜು ಪಟ್ಟಿ, ನಕ್ಷೆ, ಅಳತೆ ಪುಸ್ತಕದ ಪುಟಗಳು. ಎಣಿಸಿದೆ, 61 ಪದ.

ಉತ್ತರ ಕೊಡಲು 30 ದಿನ ಇರುತ್ತದೆ. 26ನೇ ದಿನಕ್ಕೆ ಪತ್ರ ಬಂತು, 19 ಪುಟಕ್ಕೆ ಪುಟಕ್ಕೆರಡರಂತೆ 38 ರೂಪಾಯಿ ಕಟ್ಟಿ ಅಂತ. ಕಟ್ಟಿದೆ. ಆ ಹತ್ತೊಂಬತ್ತು ಪುಟ ಜೆರಾಕ್ಸ್ ಆಗಿದ್ದು ನನ್ನ ಅಂಗಡಿಯಲ್ಲೇ! ಗುಮಾಸ್ತರೇ ತಂದಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮುಗಿಸಿದೆವು.

ರಾತ್ರಿ ಊಟ ಆದ ಮೇಲೆ ನಕ್ಷೆ ಹರಡಿಕೊಂಡು ಕೂತೆ. ಚರಂಡಿ ಒಂದು ಗೆರೆಗೆ ಬಂದು ನಿಂತಿತ್ತು. ಅಲ್ಲಿಂದ ದೊಡ್ಡ ರಸ್ತೆಯ ಚರಂಡಿಗೆ ನಾಲ್ಕು ಮೀಟರ್. ಮರುದಿನ ಬೆಳಿಗ್ಗೆ ಟೇಪ್ ಹಿಡಿದು ಅಳೆದೆ, ನಾಲ್ಕು ಮೀಟರ್ ಚಿಲ್ಲರೆ. ಅಷ್ಟು ಜಾಗದಲ್ಲಿ ಹಳೇ ಕಲ್ಲು ಚರಂಡಿ ಮಣ್ಣು ತುಂಬಿ ಕೂತಿತ್ತು. ದೊಡ್ಡ ರಸ್ತೆಗೆ ಪ್ರತಿ ಸಲ ಡಾಂಬರು ಹಾಕುವಾಗಲೂ ಅದರ ಅಂಚು ಒಂದೊಂದು ಇಂಚು ಮೇಲೇರಿತ್ತು. ನಗರಸಭೆ ತನ್ನ ಗೆರೆವರೆಗೆ ಕಟ್ಟಿತ್ತು. ರಸ್ತೆಯವರು ತಮ್ಮ ಗೆರೆಯಿಂದ ಆಚೆಗೆ ಕಟ್ಟಿದ್ದರು. ಇಬ್ಬರ ಕಾಗದದಲ್ಲೂ ಕೆಲಸ ಪೂರ್ತಿ. ನಡುವಿನ ನಾಲ್ಕು ಮೀಟರ್ ಯಾರ ಕಾಗದದಲ್ಲೂ ಇಲ್ಲ. ಅಕ್ಕನ ಈರುಳ್ಳಿ ಸಿಪ್ಪೆ ಸುತ್ತು ಹೊಡೆದಿದ್ದು ಸರಿಯಾಗಿ ಅಲ್ಲೇ.

ನನಗೆ ಕೋಪ ಬರಬೇಕಿತ್ತು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಕಳ್ಳ ಸಿಕ್ಕ ಹಾಗೆ.

ಇಷ್ಟು ಹೊತ್ತಿಗೆ ನಮ್ಮ ವಾರ್ಡ್ ಮೆಂಬರ್ ವಿಷಯ ಬರಬೇಕಿತ್ತು, ಅಲ್ವಾ? ನಮ್ಮದು ಮಹಿಳಾ ಮೀಸಲು ವಾರ್ಡ್. ಗೆದ್ದವರು ಮೇಡಂ, ಫೋನ್ ಎತ್ತುವುದು ಅವರ ಯಜಮಾನರು. ಫ್ಲೆಕ್ಸ್‌ನಲ್ಲೂ ಅವರ ಫೋಟೊನೇ ದೊಡ್ಡದು. ಕೆಟ್ಟ ಮನುಷ್ಯ ಅಲ್ಲ. ನೀರು ಬರಲಿಲ್ಲ ಅಂತ ಬೆಳಿಗ್ಗೆ ಐದೂವರೆಗೆ ಜನ ಫೋನ್ ಮಾಡುತ್ತಾರೆ, ಮದುವೆಗೆ ಕರೆಯುತ್ತಾರೆ, ಸಾವಿಗೆ ಕರೆಯುತ್ತಾರೆ, ಎಲ್ಲದಕ್ಕೂ ಹೋಗುತ್ತಾರೆ. ನಮ್ಮ ಜನಕ್ಕೆ ಮೆಂಬರ್ ಅಂದರೆ ಅದೇ. ಸಭೆಯಲ್ಲಿ ಏನು ಮಾತಾಡಿದರು ಅಂತ ಕೇಳಿದವರನ್ನು ನಾನು ನೋಡಿಲ್ಲ. ಮಾಹಿತಿ ಹಕ್ಕಿನ ವಿಷಯ ಗೊತ್ತಾದ ದಿನ ಯಜಮಾನರು ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತರು. "ಏನ್ ಅಣ್ಣಾ, ನಮಗೊಂದ್ ಮಾತು ಹೇಳಿದ್ರೆ ಆಗ್ತಿರಲಿಲ್ವಾ? ಪೇಪರ್ ಗೀಪರ್ ಯಾಕೆ?" ಅಂದರು. ನೊಂದುಕೊಂಡೇ ಕೇಳಿದ್ದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಟೀ ತರಿಸಿದೆ.

ಅವರ ಕಷ್ಟವೂ ಸಣ್ಣದಲ್ಲ. 2018ರ ಆಗಸ್ಟ್ ಕೊನೆಗೆ ಚುನಾವಣೆ ನಡೆದು ಮೆಂಬರ್‌ಗಳು ಗೆದ್ದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ನಮ್ಮಂಥ ಎಷ್ಟೋ ಊರುಗಳಲ್ಲಿ ಗೆದ್ದವರು ಎರಡು ವರ್ಷ ಸುಮ್ಮನೆ ಕೂತರು, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ನಡೆಸಿದರು. 2020ರ ಕೊನೆಗೆ ಅಧ್ಯಕ್ಷರು ಬಂದರು. 30 ತಿಂಗಳ ಅವಧಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಮತ್ತೆ ಆಡಳಿತಾಧಿಕಾರಿ. ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ, "ನಿಮಗೆ ಮೆಂಬರಾದ್ರೂ ಇದ್ದಾರೆ" ಅಂತ ಆಗ ನಗುತ್ತಿದ್ದ. ಅಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಹೋದವು.

ನನ್ನ ಹೆಂಡತಿಯ ತವರು ಹಳ್ಳಿ. ಅವಳಿಗೆ ನಮ್ಮ ಊರಿನ ರೀತಿ ಅರ್ಥವೇ ಆಗುವುದಿಲ್ಲ. ಹಳ್ಳಿಯಲ್ಲಿ ಗ್ರಾಮಸಭೆ ಅಂತ ಇದೆ. ಜಗಳವೋ ಗಲಾಟೆಯೋ, ಜನ ಎದ್ದು ನಿಂತು ಕೇಳುವುದಕ್ಕೆ ಒಂದು ಜಾಗ. "ನಿಮ್ಮೂರಲ್ಲಿ ಅಂಥದ್ದು ಇಲ್ವಾ?" ಅಂತ ಕೇಳಿದಳು. ನಗರಾಡಳಿತದ ಬಗ್ಗೆ ಇರುವ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರ ಜೂನ್ 1ಕ್ಕೆ. ಅದರಲ್ಲಿ ವಾರ್ಡ್ ಸಮಿತಿ ಇದೆ, ಆದರೆ ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ಕಡೆ. ನಮ್ಮ ನಗರಸಭೆ ಅಷ್ಟು ದೊಡ್ಡದಲ್ಲ. ಅತ್ತ ಹಳ್ಳಿಯೂ ಅಲ್ಲ, ಇತ್ತ ಮಹಾನಗರವೂ ಅಲ್ಲ. ನಮ್ಮ ಊರೇ ಒಂಥರಾ ಆ ನಾಲ್ಕು ಮೀಟರ್ ಇದ್ದ ಹಾಗೆ.

ಆದರೂ ವರ್ಷಕ್ಕೊಮ್ಮೆ ನಮಗೂ ಒಂದು ಬಾಗಿಲು ತೆರೆಯುತ್ತದೆ. ಬಜೆಟ್ ಪೂರ್ವಭಾವಿ ಸಭೆ. ಪೇಪರಿನ ಮೂಲೆಯಲ್ಲಿ ಸಣ್ಣ ಸುದ್ದಿ ಬರುತ್ತದೆ, ಸಾರ್ವಜನಿಕರು ಸಲಹೆ ನೀಡಬಹುದು ಅಂತ. ಹದಿಮೂರು ವರ್ಷ ಎದುರು ಅಂಗಡಿಯಲ್ಲಿ ಕೂತು ಆ ಸಭೆಗೆ ಕುರ್ಚಿ ಇಳಿಸುವುದನ್ನು ನೋಡಿದ್ದೆ, ಒಳಗೆ ಹೋಗಿರಲಿಲ್ಲ. 2025ರ ಫೆಬ್ರವರಿಯಲ್ಲಿ ಹೋದೆ. ಅಂಗಡಿ ಬಿಟ್ಟು ಹೋಗುವ ಹೊತ್ತಲ್ಲ ಅದು. ಅನಧಿಕೃತ ಬಡಾವಣೆಯ ಆಸ್ತಿಗಳಿಗೂ ದಾಖಲೆ ಕೊಡುವ ಬಿ ಖಾತಾ ಅಭಿಯಾನ ಆಗ ತಾನೇ ಶುರುವಾಗಿ, ಹಳೇ ಪತ್ರಗಳ ಜೆರಾಕ್ಸ್‌ಗೆ ಜನ ಮೆಟ್ಟಿಲ ತನಕ ನಿಂತಿದ್ದರು. ಮಗನನ್ನು ಮಿಷನ್ ಮುಂದೆ ನಿಲ್ಲಿಸಿ, ಅಕ್ಕನನ್ನು ಕರೆದುಕೊಂಡು ಹೋದೆ.

ಸಭಾಂಗಣದಲ್ಲಿ ನೂರು ಕುರ್ಚಿ. ಮೆಂಬರ್‌ಗಳು, ಅಧಿಕಾರಿಗಳು, ಪತ್ರಕರ್ತರನ್ನು ಬಿಟ್ಟರೆ ನಮ್ಮಂಥವರು ಎಣಿಸಿ ಹದಿನೇಳು ಜನ. ಇಷ್ಟು ದೊಡ್ಡ ಊರಿಗೆ ಹದಿನೇಳು! ಅದರಲ್ಲಿ ಮೂವರು ನಿವೃತ್ತ ಮೇಷ್ಟ್ರು. ಅವರು ಪ್ರತಿ ವರ್ಷ ಬರುತ್ತಾರಂತೆ. ಒಬ್ಬರು ಎದ್ದು ಕೆರೆ ಅಭಿವೃದ್ಧಿ, ಉದ್ಯಾನ, ಸಾಂಸ್ಕೃತಿಕ ಭವನ, ಸ್ವಾಗತ ಕಮಾನು ಅಂತ ಹದಿನೈದು ನಿಮಿಷ ಮಾತಾಡಿದರು. ಒಳ್ಳೆಯ ಕನ್ನಡ. ವೇದಿಕೆ ಮೇಲಿದ್ದವರು ತಲೆ ಆಡಿಸಿದರು, ಯಾರೂ ಪೆನ್ನು ಮುಟ್ಟಲಿಲ್ಲ. ನನ್ನ ಸರದಿ ಬಂದಾಗ ಕೈ ನಡುಗಿತು. ಬರೆದು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಆರು ಸಾಲು. ಇಂಥ ಓಣಿ, ಚರಂಡಿ ಇಲ್ಲಿಗೆ ನಿಂತಿದೆ, ನಕ್ಷೆ ಇದು, ನಡುವೆ ನಾಲ್ಕು ಮೀಟರ್, ಎರಡೂ ಇಲಾಖೆಯವರ ಜಂಟಿ ಪರಿಶೀಲನೆ ಆಗಬೇಕು, ತಾರೀಕು ಹೇಳಿ. ಅಷ್ಟೇ. ಪೌರಾಯುಕ್ತರು "ನಕ್ಷೆ ಕೊಡಿ ಇಲ್ಲಿ" ಅಂದರು. ಪೆನ್ನಿನ ಮುಚ್ಚಳ ತೆಗೆದಿದ್ದು ಆಗ.

ಅಷ್ಟರಲ್ಲಿ ಅಕ್ಕ ಎದ್ದರು. ಅವರು ಮಾತಾಡುತ್ತಾರೆ ಅಂತ ನಾನೂ ಅಂದುಕೊಂಡಿರಲಿಲ್ಲ. "ಸ್ವಾಮಿ, ನಾನು ತೆರಿಗೆ ಕಟ್ತೀನಿ. ಹನ್ನೊಂದು ಮನೆ ಕೊಳೆ ನೀರು ನನ್ನ ಅಡುಗೆಮನೆಗೆ ಬರುತ್ತೆ. ಅದಕ್ಕೂ ತೆರಿಗೆ ಹಾಕ್ತೀರಾ?" ಸಭೆಯಲ್ಲಿ ನಗು. ಆಗ ನಮ್ಮ ಮೆಂಬರ್ ಮೇಡಂ, ಯಜಮಾನರಲ್ಲ, ಮೇಡಂ, ಮೈಕ್ ಕೇಳಿ ತೆಗೆದುಕೊಂಡರು. "ನಾನೂ ನೋಡಿದೀನಿ ಸಾರ್ ಆ ನೀರನ್ನ. ನಮ್ಮ ವಾರ್ಡಿಂದು. ಮಳೆಗಾಲಕ್ಕೆ ಮುಂಚೆ ಆಗಬೇಕು" ಅಂದರು. ಐದಾರು ಸೆಕೆಂಡಿನ ಮಾತು. ಅವರ ದನಿ ನಾನು ಕೇಳಿದ್ದು ಅದೇ ಮೊದಲು. ಯಜಮಾನರು ಹೊರಗೆ ಕಾರಿಡಾರಿನಲ್ಲಿ ಫೋನಿನಲ್ಲಿದ್ದರು.

ಜಂಟಿ ಪರಿಶೀಲನೆಗೆ ಎರಡು ಸಲ ತಾರೀಕು ಕೊಟ್ಟು ಎರಡು ಸಲ ಮುಂದೆ ಹೋಯಿತು. ಪ್ರತಿ ಸಲ ಒಂದು ಪತ್ರ, ಒಂದು ಸೀಲು. ಏಪ್ರಿಲ್‌ನಲ್ಲಿ ಇಬ್ಬರು ಎಂಜಿನಿಯರು ಎರಡು ಬೈಕಿನಲ್ಲಿ ಬಂದರು. ಮಾತಾಡುವ ಮೊದಲೇ ಅಕ್ಕ ಬಕೆಟ್ ತಂದರು, ಸಿಪ್ಪೆ ಹಾಕಿದರು, ನೀರು ಸುರಿದರು. ಸಿಪ್ಪೆ ಹೋಯಿತು, ನಿಂತಿತು, ತಿರುಗಿತು, ಬಂತು. ರಸ್ತೆ ಕಡೆಯ ಎಂಜಿನಿಯರ್ ಚಿಕ್ಕ ವಯಸ್ಸಿನವರು. ಬಗ್ಗಿ ನೋಡಿ "ಲೆವೆಲ್ಲೇ ಉಲ್ಟಾ ಇದೆಯಲ್ಲ" ಅಂದರು. ಇನ್ನೊಬ್ಬರು "ಅದನ್ನೇ ನಾವು ಹೇಳ್ತಿರೋದು" ಅಂದರು. ಅವರು ಯಾವತ್ತೂ ಹೇಳಿರಲಿಲ್ಲ. ಪರವಾಗಿಲ್ಲ ಬಿಡಿ.

ಮೇ ಕೊನೆಗೆ ಕಲ್ಲು ಚರಂಡಿ ಅಗೆದು ಪೈಪ್ ಹಾಕಿದರು. ಖರ್ಚು ಯಾರು ಹಾಕಿಕೊಂಡರು ಅಂತ ನಾನು ಕೇಳಲು ಹೋಗಲಿಲ್ಲ. ಮೊದಲ ಮಳೆಗೆ ಓಣಿಯವರೆಲ್ಲ ಛತ್ರಿ ಹಿಡಿದು ಮೂಲೆಗೆ ಬಂದು ನಿಂತಿದ್ದರು, ಜಾತ್ರೆ ನೋಡುವ ಹಾಗೆ. ನೀರು ಹೋಯಿತು. ಅಕ್ಕ ಮರಳಿನ ಚೀಲಗಳನ್ನು ಒಯ್ದು ತೆಂಗಿನ ಬುಡಕ್ಕೆ ಸುರಿದರು.

ನನ್ನ ಫೈನಲ್ 2 ಈಗ ಇಲ್ಲ. ಹೊಸ ಫೈಲಿನಲ್ಲಿ ಕೃಪೆ, ಪ್ರಾರ್ಥನೆ ತೆಗೆದುಹಾಕಿದ್ದೇನೆ. ಕೆಲವು ಹಿರಿಯರು ಒಪ್ಪುವುದಿಲ್ಲ, "ಕೈಮುಗಿದು ಅಂತ ಹಾಕಪ್ಪ, ಮರ್ಯಾದೆ" ಅನ್ನುತ್ತಾರೆ. ಅವರಿಗೆ ಹಾಕಿಕೊಡುತ್ತೇನೆ, 40 ರೂಪಾಯಿ ಕೊಟ್ಟವರು ಅವರು. ಆದರೆ ಟೈಪ್ ಮಾಡುವ ಮೊದಲು ಕಂಬದ ನಂಬರ್ ಕೇಳುತ್ತೇನೆ, ಯಾವ ಮನೆಯಿಂದ ಯಾವ ಮನೆ ತನಕ ಅಂತ ಕೇಳುತ್ತೇನೆ. ಗೊತ್ತಿಲ್ಲ ಅಂದರೆ ನೋಡಿಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತೇನೆ. ಇದರಿಂದ ವ್ಯಾಪಾರ ಸ್ವಲ್ಪ ಕಡಿಮೆಯಾಗಿದೆ ಅಂತ ಮಗನ ದೂರು.

ಪೈಪ್ ಹಾಕಿದವರು ಅಗೆದ ಮಣ್ಣನ್ನು ಅಲ್ಲೇ ಗುಡ್ಡೆ ಹಾಕಿ ಹೋಗಿದ್ದಾರೆ. ಅದು ನಗರಸಭೆಯ ಮಣ್ಣೋ ರಸ್ತೆಯವರ ಮಣ್ಣೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಸೋಮವಾರ ಎರಡೂ ಕಡೆ ಅರ್ಜಿ ಕೊಟ್ಟು ಬಂದಿದ್ದೇನೆ. ಎರಡಕ್ಕೂ ಸೀಲು ಬಿದ್ದಿದೆ.